ಬಿಡಿಸಲು ಬರುವ ಅಂಟು: ಬಿಳಿ ಅಂಟು, ಕೇಸೀನ್, ಗೋಧಿ ಪಿಷ್ಟ

ಒಣಗಿದ ಎಲೆ, ಉದುರಿದ ತೊಗಟೆ, ಹಳೆಯ ಪತ್ರಿಕೆ, ಬಟ್ಟೆಯ ಚೂರು, ಮುರಿದ ಕಪಾಟಿನ ಹಲಗೆ ಇವುಗಳನ್ನು ಕೂಡಿಸಿ ಚಿತ್ರಫಲಕ ಮಾಡುವ ನಾನು, ಪ್ರತಿಯೊಂದು ವಸ್ತು ಎಲ್ಲಿಂದ ಬಂತು ಎಂಬುದನ್ನು ಲೆಕ್ಕವಿಟ್ಟು ಆರಿಸುತ್ತಿದ್ದೆ. ಅವನ್ನೆಲ್ಲ ಹಿಡಿದಿಡುವ ಅಂಟಿನ ವಿಷಯದಲ್ಲಿ ಮಾತ್ರ ಆ ಎಚ್ಚರ ಇರಲಿಲ್ಲ. ವಿಷಕಾರಿಯಲ್ಲ, ನೀರಿನಲ್ಲಿ ತೊಳೆಯಬಹುದು ಎಂದು ಬರೆದಿದ್ದ ದೊಡ್ಡ ಡಬ್ಬ ಬಿಳಿ ಅಂಟನ್ನು ಕೊಂಡು ತಂದೆ. ಆ ಖರೀದಿಯ ಫಲವಾಗಿ ಒಂದು ಒಳ್ಳೆಯ ಹಲಗೆಯನ್ನು ಕಳೆದುಕೊಂಡ ಮೇಲೆ ಉಳಿದ ಅಂಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಈಗ ಗೋಧಿ ಪಿಷ್ಟದ ಅಂಟಿನಲ್ಲಿ ನೆಲೆ ನಿಂತಿದ್ದೇನೆ.

ಬಿಳಿ ಅಂಟು ಎಂದರೆ ನೀರಿನಲ್ಲಿ ಹರಡಿಕೊಂಡಿರುವ ಪಾಲಿವಿನೈಲ್ ಅಸಿಟೇಟ್‌ನ ಸಣ್ಣ ಕಣಗಳು. ನೀರು ಆರಿದಂತೆ ಆ ಕಣಗಳು ಒಂದಕ್ಕೊಂದು ಬೆಸೆದು ಪ್ಲಾಸ್ಟಿಕ್ಕಿನ ಪದರವಾಗುತ್ತವೆ. ತೊಳೆಯಬಹುದು ಎಂಬ ಮಾತು ಅದು ಒಣಗುವವರೆಗೆ ಮಾತ್ರ ನಿಜ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಫಲಕ ಬಾಗಿ ಸೀಳಿತು. ಮೇಲಿನ ವಸ್ತುಗಳನ್ನು ಬಿಡಿಸಿಕೊಂಡು ಬೇರೆ ಹಲಗೆಗೆ ಹಚ್ಚೋಣವೆಂದು ಇಡೀ ದಿನ ನೀರಿನಲ್ಲಿ ನೆನೆಸಿಟ್ಟೆ. ಅಂಟು ಉಬ್ಬಿ ಬೆಳ್ಳಗಾಯಿತೇ ಹೊರತು ಕರಗಲಿಲ್ಲ, ಎಳೆದರೆ ಎಲೆಯೂ ಕಾಗದವೂ ಅದರ ಜೊತೆಗೇ ಹರಿದು ಬಂದವು. ಕೊನೆಗೆ ಉಳಿದದ್ದು ಗೊಬ್ಬರದ ಗುಂಡಿಗೂ ಹಾಕಲಾಗದ, ಹಳೆಯ ಕಾಗದದ ರಾಶಿಗೂ ಸೇರಿಸಲಾಗದ ಒಂದು ಮುದ್ದೆ. ಮಣ್ಣಿಗೆ ಮರಳಬಹುದಾಗಿದ್ದ ವಸ್ತುಗಳನ್ನು ನಾನೇ ಕಸವಾಗಿಸಿದ್ದೆನೆಂಬ ನೋವು ನನಗೆ ಇಂದಿಗೂ ಇದೆ.

ಪಾಲಿವಿನೈಲ್ ಅಸಿಟೇಟನ್ನು ಜರ್ಮನಿಯ ಫ್ರಿಟ್ಸ್ ಕ್ಲಾಟೆ ಕಂಡುಹಿಡಿದದ್ದು 1912ರಲ್ಲಿ; ಪಿಕಾಸೊ ಮತ್ತು ಬ್ರಾಕ್ ಕಾಗದದ ತುಂಡುಗಳನ್ನು ಚಿತ್ರಕ್ಕೆ ಅಂಟಿಸಲು ಆರಂಭಿಸಿದ್ದೂ ಅದೇ ವರ್ಷ. ಅಂದರೆ ಅಂಟಿಸಿ ಮಾಡುವ ಈ ಕಲೆಯು ಬಿಳಿ ಅಂಟು ಬಳಕೆಗೆ ಬರುವ ಮೊದಲೇ ಹುಟ್ಟಿತ್ತು.

ಎರಡನೆಯದು ಕೇಸೀನ್. ಕೆನೆ ತೆಗೆದ ಹಾಲನ್ನು ಹುಳಿ ಹಾಕಿ ಒಡೆಸಿ, ಗಟ್ಟಿಯನ್ನು ಚೆನ್ನಾಗಿ ತೊಳೆದು, ಅರಳಿಸಿದ ಸುಣ್ಣದೊಡನೆ ಅರೆದರೆ ಸಿಗುವ ಈ ಅಂಟು ಮರಕ್ಕೆ ಮರವನ್ನು ಬಲವಾಗಿ ಹಿಡಿಯುತ್ತದೆ. ಆದರೆ ಕಲಸಿದ ಕೆಲವು ಗಂಟೆಗಳಲ್ಲೇ ಅದು ಗಟ್ಟಿಯಾಗುತ್ತದೆ, ಸುಣ್ಣದ ಕ್ಷಾರವು ಒಗರು ಹೆಚ್ಚಿರುವ ಮರದ ಮೇಲೆ ಕಪ್ಪು ಕಲೆ ಮಾಡುತ್ತದೆ, ಪೂರ್ತಿ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಚೌಕಟ್ಟಿನ ಮೂಲೆಗಳಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಬಡಗಿಗಳ ಸರೇಸು ಬಿಸಿ ಮತ್ತು ತೇವ ಕೊಟ್ಟರೆ ಬಿಡುತ್ತದೆ, ಆದರೆ ಚರ್ಮ, ಮೂಳೆಗಳಿಂದ ಮಾಡಿದ್ದನ್ನು ನಾನು ಬಳಸುವುದಿಲ್ಲ.

ಗೋಧಿ ಪಿಷ್ಟದ ಅಂಟಿಗೆ ಒಂದೇ ದೊಡ್ಡ ತೊಡಕಿದೆ, ಅದು ಬೂಷ್ಟು. ಮೊದಲ ಬಾರಿ ನಾನು ಗೋಡೆಗೆ ಭಿತ್ತಿಪತ್ರ ಹಚ್ಚುವವರಂತೆ ಮೈದಾಹಿಟ್ಟನ್ನೇ ನೀರಿನಲ್ಲಿ ಕುದಿಸಿ ದಪ್ಪವಾಗಿ ಬಳಿದೆ. ಒಂದು ವಾರದೊಳಗೆ ಎಲೆಗಳ ಅಂಚಿನಲ್ಲಿ ಬೂದು ಚುಕ್ಕೆಗಳು ಎದ್ದವು, ಮುಂದಿನ ತಿಂಗಳುಗಳಲ್ಲಿ ಕಾಗದ ತಿನ್ನುವ ಹುಳುಗಳು ಬಂದವು. ಬೂಷ್ಟು ಬೆಳೆಯಲು ಬೇಕಾದುದು ಆಹಾರ ಮತ್ತು ತೇವ. ಆ ದಪ್ಪ ಪದರದಲ್ಲಿ ಎರಡೂ ಧಾರಾಳವಾಗಿದ್ದವು. ಹಿಟ್ಟಿನಲ್ಲಿ ಪಿಷ್ಟದ ಜೊತೆಗೆ ಗ್ಲುಟೆನ್ ಎಂಬ ಪ್ರೋಟೀನೂ ಇರುತ್ತದೆ, ಮತ್ತು ಹಿಟ್ಟಿನ ಅಂಟು ಕಾಲಕ್ರಮೇಣ ಪೆಡಸಾಗಿ ಹಳದಿಗೆ ತಿರುಗುವುದಕ್ಕೂ ಅದು ಕಾರಣವಾಗುತ್ತದೆ.

ಆದ್ದರಿಂದ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಆ ಉಂಡೆಯನ್ನು ನೀರಿನೊಳಗೆ ಹಿಸುಕಿ ಹಿಸುಕಿ ತೊಳೆಯತೊಡಗಿದೆ. ಕೈಯಲ್ಲಿ ರಬ್ಬರಿನಂತೆ ಉಳಿಯುವುದು ಗ್ಲುಟೆನ್. ಹಾಲಿನಂತಾದ ನೀರನ್ನು ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಕೂರುವುದು ಪಿಷ್ಟ. ಮೇಲಿನ ನೀರನ್ನು ಬಸಿದು, ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ಹೊಸ ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವುತ್ತೇನೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಣಗಳು ನೀರು ಹೀರಿ ಉಬ್ಬಿ, ಮಿಶ್ರಣ ಗಟ್ಟಿಯಾಗಿ ಹೊಳಪು ಪಡೆಯುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಕುಂಚದಿಂದ ಆದಷ್ಟು ತೆಳುವಾಗಿ ಹಚ್ಚಿ, ನೀರು ಹೀರುವ ಕಾಗದಗಳ ನಡುವೆ ಭಾರ ಹೇರಿಟ್ಟು, ಮೊದಲ ದಿನ ಆ ಕಾಗದವನ್ನು ಮೂರು ಸಲ ಬದಲಿಸುತ್ತೇನೆ. ಹೀಗೆ ಮಾಡಲು ಆರಂಭಿಸಿದ ಬಳಿಕ ಒಂದು ಫಲಕಕ್ಕೆ ಮಾತ್ರ ಬೂಷ್ಟು ಹಿಡಿದಿದೆ, ಅದೂ ಎಲೆಗಳು ಪೂರ್ತಿ ಒಣಗುವ ಮೊದಲೇ ನಾನು ಅವಸರಪಟ್ಟದ್ದರಿಂದ.

ಮೇಣದಂತೆ ನುಣುಪಾದ ಎಲೆಗಳು ಇದಕ್ಕೆ ಹಿಡಿಯುವುದಿಲ್ಲ. ಹಿಂಬದಿಯನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಬೇಕು. ಭಾರವಾದ ತೊಗಟೆಯನ್ನು ನಾನು ದಾರದಿಂದ ಕಟ್ಟುತ್ತೇನೆ.

ಅಂಗಡಿಯ ಅಂಟಿಗೆ ಹೋಲಿಸಿದರೆ ಇದಕ್ಕೆ ಹಣದ ಖರ್ಚು ತೀರ ಕಡಿಮೆ, ಸಮಯದ ಖರ್ಚು ಬಹಳ. ಮಾಡಿದ ಅಂಟು ಕೆಲವೇ ದಿನ ಬಾಳುವುದರಿಂದ ಅಪರೂಪಕ್ಕೊಮ್ಮೆ ಕೂರುವವರಿಗೆ ಇದು ತೊಂದರೆಯೆನಿಸಬಹುದು. ನಾನು ವಾರಕ್ಕೆ ಎರಡು ದಿನ ನಿಗದಿಯಾಗಿ ಕೆಲಸ ಮಾಡುವುದರಿಂದ ನನಗೆ ಹೊಂದುತ್ತದೆ. ಗ್ರಂಥಾಲಯ, ಸಂಗ್ರಹಾಲಯಗಳಲ್ಲಿ ಹಳೆಯ ಕಾಗದಗಳನ್ನು ದುರಸ್ತಿ ಮಾಡುವವರು ಇದೇ ಅಂಟನ್ನು ನೆಚ್ಚಿಕೊಂಡಿರುವುದಕ್ಕೆ, ಮುಂದೆ ಯಾರಾದರೂ ತೇವ ಕೊಟ್ಟು ಬಿಡಿಸಬಹುದು ಎಂಬುದು ಮುಖ್ಯ ಕಾರಣ. ಕಳೆದ ತಿಂಗಳು ಎರಡು ವರ್ಷ ಹಳೆಯದಾದ ಒಂದು ಫಲಕದ ಮೇಲೆ ಒದ್ದೆ ಬಟ್ಟೆ ಹೊದಿಸಿಟ್ಟೆ. ಅರ್ಧ ಗಂಟೆಯಲ್ಲಿ ಪತ್ರಿಕೆಯ ಹಾಳೆ ಅಕ್ಷರವೂ ಅಳಿಯದೆ ಎದ್ದು ಬಂತು, ಹಲಗೆ ಈಗ ಹೊಸ ಚಿತ್ರಕ್ಕಾಗಿ ಒಣಗುತ್ತಿದೆ.