ಆಕ್ಸಿಜನ್ ಸೆನ್ಸರ್ ಮಾರುವ ಮುನ್ನ ಪರೀಕ್ಷಿಸುವ ವರ್ಕ್‌ಶಾಪ್

ಮೈಸೂರಿನ ಅಗ್ರಹಾರದ ಕಡೆ ಇರುವ ಈ ಸಣ್ಣ ಬೈಕ್ ವರ್ಕ್‌ಶಾಪನ್ನು ನಾನು ಮೆಚ್ಚಿರುವುದು ಒಂದೇ ಕಾರಣಕ್ಕೆ: ಆಕ್ಸಿಜನ್ ಸೆನ್ಸರ್ ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಇಲ್ಲಿ ಹೊಸದನ್ನು ಹಾಕುವುದಿಲ್ಲ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್‌6 ನಿಯಮ ಜಾರಿಗೆ ಬಂದ ಮೇಲೆ ಸಾಧಾರಣ ಬೈಕುಗಳಿಗೂ ಫ್ಯೂಯೆಲ್ ಇಂಜೆಕ್ಷನ್ ಮತ್ತು ಈ ಸೆನ್ಸರ್ ಬಂದಿವೆ. ಇಂಜಿನ್ ಲೈಟ್ ಹತ್ತಿಕೊಂಡು ಮೈಲೇಜ್ ಇಳಿಯಿತೆಂದರೆ ಸಾಕು, ಪರೀಕ್ಷೆಯನ್ನೇ ಮಾಡದೆ ಸೆನ್ಸರ್ ಬದಲಿಸಲು ಹೇಳುವವರು ಊರಲ್ಲಿ ಬಹಳ ಮಂದಿ ಇದ್ದಾರೆ.

ಇಂಜಿನ್ನಿನಿಂದ ಹೊಗೆ ಹೊರಬರುವ ಬೆಂಡ್ ಪೈಪಿಗೆ ತಿರುಗಿಸಿ ಕೂರಿಸಿರುವ ಈ ಬಿಡಿಭಾಗದ ಒಳಗೆ ಸಾಮಾನ್ಯವಾಗಿ ಜಿರ್ಕೋನಿಯಾ ಎಂಬ ಪಿಂಗಾಣಿಯ ಜಾತಿಯ ವಸ್ತುವಿರುತ್ತದೆ. ಅದರ ಒಂದು ಬದಿಗೆ ಇಂಜಿನ್ನಿನ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗುತ್ತದೆ. ಎರಡರಲ್ಲಿರುವ ಆಮ್ಲಜನಕದ ಅಂತರಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದರೆ ಸುಮಾರು 0.8ರಿಂದ 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟಿನ ಆಸುಪಾಸು. ಇದನ್ನು ನೋಡಿಕೊಂಡೇ ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುವುದರಿಂದ, ಬಿಸಿಯಾದ ಇಂಜಿನ್ನಿನಲ್ಲಿ ವೋಲ್ಟೇಜ್ ಮೇಲಕ್ಕೂ ಕೆಳಕ್ಕೂ ಓಲಾಡುತ್ತಿರಬೇಕು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವೇರದೆ ಸೆನ್ಸರ್ ಸರಿಯಾಗಿ ಕೆಲಸ ಮಾಡದು. ಆದ್ದರಿಂದಲೇ ಹಲವದರಲ್ಲಿ ಪುಟ್ಟ ಹೀಟರ್ ಕೂಡ ಇರುತ್ತದೆ.

ನನ್ನ ಬೈಕಿನ ವೋಲ್ಟೇಜ್ ಕೆಳಮಟ್ಟದಲ್ಲೇ ನಿಂತಿರುವುದು ಸ್ಕ್ಯಾನರಿನಲ್ಲಿ ಕಂಡಿತು. ಮೆಕ್ಯಾನಿಕ್ ಅಷ್ಟಕ್ಕೇ ತೀರ್ಮಾನಕ್ಕೆ ಬರಲಿಲ್ಲ. ಸೈಲೆನ್ಸರ್ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ, ಚೆನ್ನಾಗಿರುವ ಸೆನ್ಸರ್ ಕೂಡ ಹೀಗೆಯೇ ತೋರಿಸುತ್ತದೆ ಎಂದು ಅವರು ವಿವರಿಸಿ, ಮೊದಲು ಗ್ಯಾಸ್ಕೆಟ್ಟನ್ನು, ಬಳಿಕ ವೈರು ಜೋಡಿಸುವ ಕಪ್ಲರ್ ಮತ್ತು ವೈರುಗಳನ್ನು ನೋಡಿದರು. ಕೊನೆಗೆ ಮಿಶ್ರಣಕ್ಕೆ ಬೇಕೆಂದೇ ಇಂಧನ ಹೆಚ್ಚಿಸಿದಾಗಲೂ ವೋಲ್ಟೇಜ್ ಮೇಲೇಳದಿದ್ದಾಗ ಮಾತ್ರ ಹೊಸದು ಬೇಕೆಂದರು. ಈ ತಾಳ್ಮೆಗೆ ನಾನು ಸಂತೋಷದಿಂದ ಹಣ ಕೊಟ್ಟಿದ್ದೇನೆ.

ಆಯ್ಕೆಯಲ್ಲಿಯೂ ಅವರ ಸಲಹೆ ಖಚಿತವಾಗಿತ್ತು. ತ್ರೆಡ್ ಹೊಂದಿದ ಮಾತ್ರಕ್ಕೆ ಸೆನ್ಸರ್ ಹೊಂದುವುದಿಲ್ಲ; ವೈರುಗಳ ಸಂಖ್ಯೆ, ಹೀಟರಿನ ಓಮ್ ಅಳತೆ, ಕೇಬಲ್ಲಿನ ಉದ್ದ, ಕಪ್ಲರ್ ಎಲ್ಲವೂ ಹಳೆಯದರಂತೆಯೇ ಇರಬೇಕಾದ್ದರಿಂದ ಪಾರ್ಟ್ ನಂಬರ್ ನೋಡಿ ತರಿಸುವುದೇ ಕ್ಷೇಮ. ವೈರ್ ಕತ್ತರಿಸಿ ಜೋಡಿಸುವ ಅಗ್ಗದ ಮಾದರಿಯನ್ನು ನಾನಂತೂ ಒಪ್ಪುವುದಿಲ್ಲ, ಏಕೆಂದರೆ ಅನೇಕ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಪಡೆಯುತ್ತವೆ, ಸೋಲ್ಡರ್ ಹಾಕಿದರೆ ಆ ದಾರಿ ಮುಚ್ಚಿಹೋಗಬಹುದು. ಬಿಚ್ಚಿದ ಸೆನ್ಸರಿನ ತುದಿಯನ್ನೂ ನೋಡಬೇಕು: ಕಪ್ಪು ಮಸಿ ದಟ್ಟವಾಗಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿರುವ ಮೂಲ ಕಾರಣವನ್ನು ಸರಿಪಡಿಸದೆ ಹೊಸದನ್ನು ಹಾಕಿದರೆ ಅದೂ ಹಾಳಾಗುತ್ತದೆ.

ಕೊರತೆಗಳೂ ಇವೆ. ಬಿಡಿಭಾಗಗಳನ್ನು ಇಲ್ಲಿ ದಾಸ್ತಾನು ಇಡುವುದಿಲ್ಲವಾದ್ದರಿಂದ ಕಾಯಬೇಕಾಗುತ್ತದೆ. ಬಿಲ್ಲಿನಲ್ಲಿ ಪಾರ್ಟ್ ನಂಬರನ್ನು ಕೇಳಿದರಷ್ಟೇ ಬರೆಯುತ್ತಾರೆ. ತಪ್ಪದೆ ಕೇಳಿ ಬರೆಸಿಕೊಳ್ಳಿ, ವಾರಂಟಿಗೆ ಅದು ಬೇಕಾಗುತ್ತದೆ.