ಟೆಂಪರೇಚರ್ ಗನ್: ಲಾರಿಯಲ್ಲಿ ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯ ಎಪಿಎಂಸಿಯಿಂದ ಮೆಕ್ಕೆಜೋಳ ಹೇರಿಕೊಂಡು ನಾಮಕ್ಕಲ್‌ಗೆ ಹೊರಟಾಗಲೆಲ್ಲ, ಚಿತ್ರದುರ್ಗ ದಾಟಿ ಸ್ವಲ್ಪ ಏರು ಸಿಕ್ಕೊಡನೆ ನಮ್ಮ ಆರು ಚಕ್ರದ ಲಾರಿಯ ಎಂಜಿನ್ ಹೀಟ್ ಆಗುತ್ತಿತ್ತು. ಖಾಲಿ ಬರುವಾಗ ಮೀಟರಿನ ಮುಳ್ಳು ಅಲುಗುತ್ತಿರಲಿಲ್ಲ. ಕಾರಣ ಹುಡುಕಲೆಂದೇ ಸಾವಿರದ ಇನ್ನೂರು ರೂಪಾಯಿ ಕೊಟ್ಟು, ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಈ ಗನ್ ತೆಗೆದುಕೊಂಡೆ.

ಮೊದಲ ತಿಂಗಳು ಇದರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಜಿನ್ ಕಾದು ನಿಂತಿದ್ದಾಗ, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕೂತಿರುವ ಅಲ್ಯೂಮಿನಿಯಂ ಹೌಸಿಂಗ್‌ಗೆ ಹಿಡಿದರೆ ಬರೀ 58 ಡಿಗ್ರಿ ತೋರಿಸಿತು. ಬಿಸಿನೀರು ಅಲ್ಲಿಗೆ ಬರುತ್ತಲೇ ಇಲ್ಲ, ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಎಂದು ನಂಬಿ ಹೊಸದು ಹಾಕಿಸಿದೆ. ಒಂದು ದಿನದ ಬಾಡಿಗೆ ಹೋಯಿತು, ಕಾವು ಮಾತ್ರ ಇಳಿಯಲಿಲ್ಲ. ವಸ್ತುವಿನಿಂದ ಹೊರಡುವ ಅವಗೆಂಪು ಕಿರಣವನ್ನು ಈ ಗನ್ ಅಳೆಯುತ್ತದೆ, ಹೊಳೆಯುವ ಲೋಹವು ಅದನ್ನು ಬಹಳ ಕಡಿಮೆ ಸೂಸುತ್ತದೆ, ಹೀಗಾಗಿ ಸುಡುವಂತಿದ್ದರೂ ತಣ್ಣಗಿದೆ ಎನ್ನುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಅದೇ ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಹಿಡಿದಾಗ 94 ಬಂತು. ಇಷ್ಟನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಲೇಬೇಕಿತ್ತು.

ರೇಡಿಯೇಟರ್‌ಗೆ ಕಪ್ಪು ಬಣ್ಣವಿದ್ದುದರಿಂದ ಅಲ್ಲಿ ಟೇಪು ಬೇಕಾಗಲಿಲ್ಲ. ಎಂಜಿನ್ ಆಫ್ ಮಾಡಿದ ತಕ್ಷಣ ಗೇಣು ದೂರದಿಂದ ಸಾಲುಸಾಲಾಗಿ ಹಿಡಿದು ನೋಡಿದಾಗ, ಕೆಳಗಿನ ಎಡ ಮೂಲೆ ಪಕ್ಕದ ಭಾಗಕ್ಕಿಂತ ಮೂವತ್ತು ಡಿಗ್ರಿ ತಣ್ಣಗಿತ್ತು. ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿರಲಿಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಅದರ ಹಿತ್ತಾಳೆಯ ಟ್ಯಾಂಕ್ ಬಿಚ್ಚಿದರೆ, ವರ್ಷಗಟ್ಟಲೆ ನಾನೇ ತುಂಬಿದ್ದ ಬೋರ್‌ವೆಲ್ ನೀರಿನ ಸುಣ್ಣ ಬಿಳಿ ಹಕ್ಕಳೆಯಾಗಿ ಕಟ್ಟಿತ್ತು. ಕಡ್ಡಿ ಆಡಿಸಿ ಕೊಳವೆಗಳನ್ನು ಬಿಡಿಸಿಕೊಟ್ಟರು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟನ್ನು ಸಮಸಮ ಬೆರೆಸಿ ತುಂಬಿದ ಮೇಲೆ, ಪೂರ್ತಿ ಲೋಡಿದ್ದರೂ ಮುಳ್ಳು ಅರ್ಧ ದಾಟಿಲ್ಲ.

ಈಗ ಹಿರಿಯೂರಿನ ಬಳಿ ಚಹಾಕ್ಕೆ ನಿಲ್ಲಿಸಿದಾಗ ನನ್ನ ಮೊದಲ ಕೆಲಸವೇ ಇದು. ರೇಡಿಯೇಟರ್‌ಗೆ ನೀರು ಬರುವ ಮೇಲಿನ ಹೋಸ್, ಹೊರಹೋಗುವ ಕೆಳಗಿನ ಹೋಸ್ ಎರಡರ ಅಂಕಿಗಳನ್ನೂ ಬಾಡಿಗೆ ಚೀಟಿಯ ಹಿಂದೆ ಬರೆದುಕೊಳ್ಳುತ್ತೇನೆ. ಹೋಸ್ ಕಪ್ಪು ರಬ್ಬರಿನದಾದ್ದರಿಂದ ಆ ಅಂಕಿಯನ್ನು ನಂಬಬಹುದು. ಬ್ಯಾಟರಿ ಎರಡು ಸಲ ಬದಲಾಗಿದೆ, ಅಷ್ಟೇ. ಆಮೇಲೆ ಲಾರಿಯನ್ನು ಒಂದು ಸುತ್ತು ಹಾಕಿ ಬ್ರೇಕ್ ಡ್ರಮ್‌ಗಳಿಗೂ ಹಿಡಿಯುವುದು ರೂಢಿಯಾಗಿದೆ. ಕೊಳ್ಳುವಾಗ ಈ ಉಪಯೋಗ ನನಗೆ ಹೊಳೆದೇ ಇರಲಿಲ್ಲ. ಕಳೆದ ತಿಂಗಳು ಹಿಂದಿನ ಎಡ ಡ್ರಮ್ ಉಳಿದವುಗಳಿಗಿಂತ ನಲವತ್ತು ಡಿಗ್ರಿ ಹೆಚ್ಚು ತೋರಿಸಿತು, ಬ್ರೇಕ್ ಹಿಡಿದುಕೊಂಡಿತ್ತು. ಟೈರ್ ಸುಡುವ ಮೊದಲೇ ಅಲ್ಲಿಯೇ ಬಿಡಿಸಿಕೊಂಡು ಹೊರಟೆ.