ಕೆಂಪು ಪಟ್ಟಿಯ ಗ್ರೇಟೆಸ್ಟ್ ಹಿಟ್ಸ್ ಡಿಸ್ಕ್‌ಗಳು: ಈ ಪಟ್ಟಿ ಯಾವ ಗೇಮಿಗೆ ಸಿಗುತ್ತಿತ್ತು, ತಗೊಳ್ಳಬಹುದಾ?

‘ಸೈಲೆಂಟ್ ಹಿಲ್ 2’ ಅನ್ನುವ ಹಳೆ ಭಯದ ಗೇಮಿನ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2) ಡಿಸ್ಕ್ ಹುಡುಕುತ್ತಿದ್ದೀರಾ? ಕೇಸಿನ ಮೇಲೆ ಕೆಂಪು ಪಟ್ಟಿ ಇರುವುದನ್ನೇ ತಗೊಳ್ಳಿ. ಚೆನ್ನಾಗಿ ಮಾರಾಟವಾದ ಗೇಮನ್ನು ಆಮೇಲೆ ಕಡಿಮೆ ಬೆಲೆಗೆ ಮತ್ತೆ ತಂದಾಗ ಸೋನಿ ಅಮೆರಿಕದಲ್ಲಿ ಹಾಕುತ್ತಿದ್ದ ಗುರುತು ಅದು.

ಹಳೆ ಗೇಮ್ ಕೂಡಿಡುವ ಬಹಳ ಜನ ಇದಕ್ಕೆ ಉಲ್ಟಾ ಹೇಳುತ್ತಾರೆ ಅಂತ ಗೊತ್ತು. ಅವರಿಗೆ ಮೊದಲ ಸಲ ಬಂದ ಡಿಸ್ಕೇ ಬೇಕು. ಮುಖಪುಟದ ಮೇಲೆ ‘ಗ್ರೇಟೆಸ್ಟ್ ಹಿಟ್ಸ್’ ಅಂತ ಒಂದು ಪಟ್ಟಿ ಬಂದು ಕೂತರೆ ಚಿತ್ರವೇ ಹಾಳಾಯಿತು ಅನ್ನುತ್ತಾರೆ. ಚಿತ್ರದ ಮಟ್ಟಿಗೆ ಅವರ ಮಾತು ಸರಿ. ಆದರೆ ಅಮೆರಿಕದಲ್ಲಿ 2001ರ ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ಡಿಸ್ಕಿನಲ್ಲಿ ನಾಯಕ ಜೇಮ್ಸ್‌ನ ಕಥೆ ಮಾತ್ರ ಇದೆ. ಆಮೇಲೆ ಕಡಿಮೆ ಬೆಲೆಗೆ ಬಂದದ್ದರಲ್ಲಿ ‘ಬಾರ್ನ್ ಫ್ರಮ್ ಎ ವಿಶ್’ ಅನ್ನುವ ಇನ್ನೊಂದು ಚಿಕ್ಕ ಕಥೆಯೂ ಇದೆ, ಅದರಲ್ಲಿ ನೀವು ಜೇಮ್ಸ್‌ಗೆ ದಾರಿಯಲ್ಲಿ ಸಿಗುವ ಮರಿಯಾ ಆಗಿ ಆಡುತ್ತೀರಿ. ಮೊದಲು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನಲ್ಲಿ ಬಂದಿದ್ದ ಕಥೆ ಅದು. ದುಡ್ಡು ಕಡಿಮೆ, ಗೇಮ್ ಜಾಸ್ತಿ. ಬಂದ ದಿನವೇ ಪೂರ್ತಿ ಬೆಲೆ ಕೊಟ್ಟವರಿಗೆ ಇದು ಸಿಗಲಿಲ್ಲ, ಕಾದವರಿಗೆ ಸಿಕ್ಕಿತು.

ಈ ಪಟ್ಟಿ ಸುಮ್ನೆ ಯಾವ ಗೇಮಿಗೆ ಬೇಕಾದರೂ ಸಿಗುತ್ತಿರಲಿಲ್ಲ ಅನ್ನುವುದೇ ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ. ಸೋನಿ ಅಮೆರಿಕದಲ್ಲಿ ಇದನ್ನು ಶುರು ಮಾಡಿದ್ದು 1997ರಲ್ಲಿ, ಮೊದಲ ಪ್ಲೇಸ್ಟೇಷನ್ ಕಾಲದಲ್ಲಿ. ಆಗ ಪಟ್ಟಿಯ ಬಣ್ಣ ಹಸಿರು. ಎರಡು ಷರತ್ತು ಇದ್ದವು: ಗೇಮ್ ಅಂಗಡಿಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು, 1,50,000 ಪ್ರತಿಗಳಾದರೂ ಮಾರಾಟ ಆಗಿರಬೇಕು. ಪಿಎಸ್2 ಬಂದ ಮೇಲೆ ಆಡುವವರೂ ಜಾಸ್ತಿಯಾದರು, ಮಾರಾಟದ ಗೆರೆಯೂ ಮೇಲಕ್ಕೆ ಹೋಯಿತು. 4 ಲಕ್ಷ ಪ್ರತಿ, 9 ತಿಂಗಳು. ಪಿಎಸ್3ಗೆ 5 ಲಕ್ಷ, 10 ತಿಂಗಳು. ಗೆರೆ ದಾಟಿದ ಗೇಮ್ ಪಿಎಸ್2ರಲ್ಲಾದರೆ 19.99 ಡಾಲರ್‌ಗೆ, ಪಿಎಸ್3ರಲ್ಲಾದರೆ 29.99 ಡಾಲರ್‌ಗೆ ಇಳಿಯುತ್ತಿತ್ತು. ಹೊಸದಾಗಿ ಬಂದಾಗ ಅದೇ ಗೇಮಿಗೆ 50, 60 ಡಾಲರ್ ಕೊಡಬೇಕಿತ್ತು ಅನ್ನುವುದು ನೆನಪಿರಲಿ.

ನಿಂಟೆಂಡೊ ಕಂಪನಿಯ ಇಂಥದ್ದೇ ಸಾಲು ‘ಪ್ಲೇಯರ್ಸ್ ಚಾಯ್ಸ್’ ಇದಕ್ಕಿಂತ ಒಂದು ವರ್ಷ ಮುಂಚೆ, 1996ರಲ್ಲಿ ಬಂದಿತ್ತು. ಶುರುವಿನಲ್ಲಿ ಅಲ್ಲಿ 10 ಲಕ್ಷ ಪ್ರತಿ ಮಾರಾಟ ಆಗಿದ್ದರೆ ಮಾತ್ರ ಪ್ರವೇಶ. ಇಷ್ಟು ವ್ಯತ್ಯಾಸ ಯಾಕೆ ಅಂತ ಯೋಚಿಸಿದಾಗ ನನಗೆ ತೋಚುವ ಒಂದು ಕಾರಣ ಇದು: ನಿಂಟೆಂಡೊ ಗೇಮ್‌ಗಳು ಆಗ ಬರುತ್ತಿದ್ದದ್ದು ಕಾರ್ಟ್ರಿಡ್ಜ್‌ನಲ್ಲಿ, ಕಾರ್ಟ್ರಿಡ್ಜ್ ಅಂದರೆ ಒಳಗೆ ಚಿಪ್ ಇರುತ್ತದೆ, ಒಂದೊಂದು ಮಾಡುವುದಕ್ಕೂ ಒಳ್ಳೆ ಖರ್ಚು, ಡಿಸ್ಕ್ ಒತ್ತುವುದಕ್ಕೆ ಅಷ್ಟು ಖರ್ಚಿಲ್ಲ. ಹಾಗಾಗಿ ಡಿಸ್ಕಿನ ಗೇಮನ್ನು ಅರ್ಧ ಬೆಲೆಗೆ ಮಾರಿದರೂ ಕೈಯಲ್ಲಿ ಏನಾದರೂ ಉಳಿಯುತ್ತದೆ. ಕಾರ್ಟ್ರಿಡ್ಜ್‌ನಲ್ಲಿ ಅದು ಕಷ್ಟ.

ನನ್ನ ತಕರಾರು ಬೇರೆ. ಲೆಕ್ಕ ಹಾಕುವುದು ಎಷ್ಟು ಮಾರಾಟ ಆಯಿತು ಅಂತ, ಎಷ್ಟು ಚೆನ್ನಾಗಿದೆ ಅಂತ ಅಲ್ಲ. ‘ಇಕೋ’ ನೋಡಿ. ಕೊಂಬಿರುವ ಒಬ್ಬ ಹುಡುಗ, ತನ್ನ ಭಾಷೆ ಗೊತ್ತಿಲ್ಲದ ಒಬ್ಬಳು ಹುಡುಗಿಯ ಕೈ ಹಿಡಿದು ದೊಡ್ಡ ಕೋಟೆಯಿಂದ ಹೊರಗೆ ಕರೆದುಕೊಂಡು ಹೋಗಬೇಕು. ಅವಳ ಕೈ ಹಿಡಿಯುವುದಕ್ಕೇ ಒಂದು ಬಟನ್ ಇದೆ, ಬೆರಳು ಎತ್ತಿದರೆ ಕೈ ಬಿಟ್ಟುಹೋಗುತ್ತದೆ. ಇಬ್ಬರೂ ಓಡುವಾಗ ಅವಳ ಭಾರಕ್ಕೆ ಕಂಟ್ರೋಲರ್ ಸಣ್ಣಗೆ ನಡುಗುತ್ತದೆ. ಇಡೀ ಪಿಎಸ್2ರಲ್ಲಿ ನನಗೆ ಇದರಷ್ಟು ಹತ್ತಿರವಾದ ಗೇಮ್ ಇನ್ನೊಂದಿಲ್ಲ. ಅಮೆರಿಕದಲ್ಲಿ ಇದೂ 2001ರಲ್ಲೇ ಬಂದದ್ದು. ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. 2009ರ ಹೊತ್ತಿಗೆ ಅಲ್ಲಿ ಮಾರಾಟ ಆಗಿದ್ದು ಸುಮಾರು 2,70,000 ಪ್ರತಿ ಅಷ್ಟೇ. 4 ಲಕ್ಷದ ಗೆರೆ ಎಲ್ಲಿ, ಇದು ಎಲ್ಲಿ! ಅದೇ ತಂಡ 2005ರಲ್ಲಿ ‘ಶ್ಯಾಡೊ ಆಫ್ ದಿ ಕೊಲೋಸಸ್’ ಮಾಡಿತು, ಅದು ಮರು ವರ್ಷವೇ ಗ್ರೇಟೆಸ್ಟ್ ಹಿಟ್ಸ್ ಸೇರಿತು. ಬೆಲೆ ಇಳಿದರೆ ಜನ ಕೊಳ್ಳುವ ಗೇಮ್ ಯಾವುದು? ಪೂರ್ತಿ ಬೆಲೆಗೆ ಧೈರ್ಯ ಮಾಡದ ‘ಇಕೋ’ದಂಥ ಗೇಮೇ ಅಲ್ವಾ? ಈಗಾಗಲೇ ಗೆದ್ದವರಿಗೆ ಇನ್ನೊಂದು ಸಲ ಅಂಗಡಿಯ ಮುಂದಿನ ಸಾಲು ಸಿಗುತ್ತದೆ, ಸೋತವರು ಹಿಂದೆಯೇ ಉಳಿಯುತ್ತಾರೆ. ಇದು ನನಗೆ ಈಗಲೂ ಬೇಜಾರು.

ಗೆರೆ ದಾಟಿದರೆ ಬೆಲೆ ಇಳಿದೇ ಇಳಿಯುತ್ತದೆ ಅಂತಲೂ ಅಲ್ಲ. ಕಂಪನಿಗೆ ಮನಸ್ಸೂ ಇರಬೇಕು. ನಿಂಟೆಂಡೊ 2011ರಲ್ಲಿ ‘ನಿಂಟೆಂಡೊ ಸೆಲೆಕ್ಟ್ಸ್’ ಅಂತ ಹೊಸ ಹೆಸರಿಟ್ಟು ತನ್ನ ವೀ ಯಂತ್ರದ ಗೇಮ್‌ಗಳನ್ನು 19.99 ಡಾಲರ್‌ಗೆ ಮಾರಿತು. ಆಮೇಲೆ ಬಂದ ಅದರ ಸ್ವಿಚ್ ಯಂತ್ರದ ಗೇಮ್‌ಗಳಿಗೆ ಆ ಸಾಲೇ ಬರಲಿಲ್ಲ. 2017ರಲ್ಲಿ ಬಂದ ‘ಬ್ರೆತ್ ಆಫ್ ದಿ ವೈಲ್ಡ್’ ಸ್ವಿಚ್‌ನಲ್ಲೇ 3 ಕೋಟಿಗೂ ಜಾಸ್ತಿ ಮಾರಾಟ ಆಗಿದೆ, ವರ್ಷಗಟ್ಟಲೆ ಅದರ ಬೆಲೆ 59.99 ಡಾಲರೇ. ಪೂರ್ತಿ ಬೆಲೆಗೇ ಜನ ಕೊಳ್ಳುತ್ತಿರುವಾಗ ಅವರು ಯಾಕೆ ಇಳಿಸುತ್ತಾರೆ? ಸೋನಿ 2018ರಲ್ಲಿ ಪಿಎಸ್4ಗೆ ‘ಪ್ಲೇಸ್ಟೇಷನ್ ಹಿಟ್ಸ್’ ತಂದಿತು, 19.99 ಡಾಲರ್‌ಗೆ ‘ಬ್ಲಡ್‌ಬೋರ್ನ್’, ‘ಅನ್‌ಚಾರ್ಟೆಡ್ 4’ ಎಲ್ಲ ಬಂದವು. ಆ ಬೆಲೆಗೆ ‘ಬ್ಲಡ್‌ಬೋರ್ನ್’ ಕಣ್ಣುಮುಚ್ಚಿ ತಗೊಳ್ಳಬಹುದು.

ಈಗ ಹಳೆ ಡಿಸ್ಕ್ ಕೊಳ್ಳುವವರಿಗೆ ಒಂದು ಮಾತು. ಆಡುವುದಕ್ಕೆ ಅಂತಿದ್ದರೆ ಪಟ್ಟಿ ಇರುವುದನ್ನು ತಗೊಳ್ಳಿ, ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್‌ನಲ್ಲೂ ಅದೇ ಅಗ್ಗ. ಕೂಡಿಡುವುದಕ್ಕೆ ಅಂತಿದ್ದರೆ ನನ್ನ ಮಾತು ಬಿಡಿ, ನಿಮಗೆ ಮೊದಲ ಡಿಸ್ಕೇ ಸರಿ. ಆದರೆ ಯಾವುದೇ ಆಗಲಿ, ಕೇಸ್ ಮಾತ್ರ ನೋಡಿ ದುಡ್ಡು ಕೊಡಬೇಡಿ. ನಾನು ಸೈಲೆಂಟ್ ಹಿಲ್ 2 ತರಿಸಿದ್ದು ಆನ್‌ಲೈನ್‌ನಲ್ಲಿ ಒಬ್ಬರಿಂದ. ಫೋಟೊದಲ್ಲಿ ಕೆಂಪು ಪಟ್ಟಿ ಚೆನ್ನಾಗಿ ಕಾಣಿಸುತ್ತಿತ್ತು, ಬಂದ ಕೇಸೂ ಅದೇ. ಡಿಸ್ಕ್ ಹಾಕಿ ಹೊಸ ಆಟ ಶುರು ಮಾಡುವುದಕ್ಕೆ ಹೋದರೆ ಮರಿಯಾಳ ಕಥೆ ಎಲ್ಲೂ ಇಲ್ಲ. ಹಳೆ ಡಿಸ್ಕನ್ನು ಹೊಸ ಕೇಸಿನೊಳಗೆ ಇಟ್ಟು ಕಳಿಸಿದ್ದಾರೆ. ಬೇಕಂತ ಮಾಡಿದರೋ, ಅವರ ಮನೆಯಲ್ಲೇ ಎರಡೂ ಅದಲು ಬದಲಾಗಿತ್ತೋ ಹೇಳುವುದು ಕಷ್ಟ. ಮೂರು ಸಲ ಬರೆದ ಮೇಲೆ ಅರ್ಧ ದುಡ್ಡು ವಾಪಸ್ ಬಂತು.

ಎರಡನೇ ಸಲ ಬೇರೆಯವರಿಂದ ತರಿಸುವಾಗ ಮೊದಲೇ ಕೇಳಿದೆ: ಡಿಸ್ಕ್ ಹಾಕಿ, ಕಥೆ ಆರಿಸುವ ಪರದೆಯ ಫೋಟೊ ಕಳಿಸಿ ಅಂತ. ಪಾಪ, ಅವರು ಮೂಲೆಯಲ್ಲಿದ್ದ ಪಿಎಸ್2 ತೆಗೆದು, ವೈರ್ ಜೋಡಿಸಿ, ಫೋಟೊ ತೆಗೆದು ಕಳಿಸಿದರು. ಎರಡು ಕಥೆಯ ಹೆಸರೂ ಇದ್ದವು. ಡಿಸ್ಕ್ ಬಂದ ರಾತ್ರಿಯೇ ಎರಡನೆಯದನ್ನು ಆರಿಸಿದೆ. ಮರಿಯಾ ಒಬ್ಬಳೇ ಕೂತಿದ್ದಾಳೆ, ಕೈಯಲ್ಲಿ ಪಿಸ್ತೂಲು, ಹೊರಗೆ ಊರೆಲ್ಲ ಮಂಜು.